ರಸ್ತೆ ದಾಟಿದ ವಾಯರ್

ಐನಾಪುರದ ರಾವಸಾಹೇಬರ ಸೊಸೆ ಮನೀಷಾ ಮತ್ತು ಅವರ ಮನೆಯೆದುರು ರಸ್ತೆಯಾಚೆಗಿದ್ದ ಬೀರದೇವನ ಹೆಂಡತಿ ನೀಲಮ ಕೂಡಿ ಲಗ್ನಪತ್ರಿಕೆ ಮಾಡಿಕೊಡುತ್ತಿದ್ದರು. ಮನೀಷಾಳ ತವರು ಮಿರಜ ಕಡೆ; ಅವಳು ಕಲಿತದ್ದೆಲ್ಲ ಮರಾಠಿಯಲ್ಲಿ. ನೀಲಮ ಅಥಣಿಯಲ್ಲಿ ಕನ್ನಡ ಟೈಪಿಂಗ್ ಕಲಿತವಳು. ಈ ಸೀಮೆಯಲ್ಲಿ ಯಾರ ಮನೆಯ ಮದುವೆಯಾದರೂ ಬೀಗರಲ್ಲಿ ಅರ್ಧ ಜನ ಗಡಿಯಾಚೆಯವರೇ ಇರುತ್ತಾರೆ. ಹಾಗಾಗಿ ಪತ್ರಿಕೆಯ ಒಂದು ಮಗ್ಗಲು ಕನ್ನಡ, ಇನ್ನೊಂದು ಮಗ್ಗಲು ಮರಾಠಿ. ಒಬ್ಬಳ ಕೈಯಲ್ಲಿ ಆಗದ ಕೆಲಸ ಇಬ್ಬರ ಕೈಯಲ್ಲಿ ಸಲೀಸಾಗಿ ಆಗುತ್ತಿತ್ತು.

ಮನೀಷಾಳ ಮನೆಯ ಹೊರಕೋಣೆಯಲ್ಲಿ ಎರಡು ಕಂಪ್ಯೂಟರ್ ಮತ್ತು ಒಂದು ಕಲರ್ ಪ್ರಿಂಟರ್ ಇದ್ದವು. ಒಂದು ಕಂಪ್ಯೂಟರ್ ಅವಳದು, ಇನ್ನೊಂದು ನೀಲಮ ತನ್ನ ಗಳಿಕೆಯಿಂದ ಕೊಂಡದ್ದು. ನೀಲಮ ದಿನಾ ಮನೆಗೆಲಸ ಮುಗಿಸಿ, ರಸ್ತೆ ದಾಟಿ ಬಂದು ಕೂರುತ್ತಿದ್ದಳು. ರಾವಸಾಹೇಬರಿಗೂ ಬೀರದೇವನಿಗೂ ಮಾತು ನಿಂತು ಎರಡು ವರ್ಷವಾಗಿತ್ತು. ಆದರೂ ರಾವಸಾಹೇಬರು ನೀಲಮನನ್ನು ಒಮ್ಮೆಯೂ ಬರಬೇಡ ಅಂದವರಲ್ಲ. ಗಂಡಸರ ಜಗಳ ಗಂಡಸರಿಗೆ ಇರಲಿ ಅನ್ನುವುದು ಅವರ ಲೆಕ್ಕ.

ದೀಪಾವಳಿ ಮುಗಿದ ವಾರ ನೀಲಮ ಆಡಿನ ದೊಡ್ಡಿಯಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಳು. ಮಿರಜಿಗೆ ಒಯ್ದು ರಾಡ್ ಹಾಕಿಸಿ ತಂದರು. ಮೂರು ತಿಂಗಳು ಕಾಲು ನೆಲಕ್ಕೆ ಊರುವಂತಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ತುಳಸಿ ಲಗ್ನ ಮುಗಿಯುತ್ತಲೇ ಮದುವೆಯ ಹಂಗಾಮು ಶುರುವಾಗುವ ಹೊತ್ತು ಅದು.

ನೋಡಲು ಹೋದ ಮನೀಷಾಳ ಮುಂದೆ ನೀಲಮ ಕಣ್ಣೀರು ತಂದಳು. "ವೈನಿ, ನೀವು ಬ್ಯಾರೆ ಯಾರನ್ನರ ನೋಡ್ಕೋರಿ. ಗಿರಾಕಿ ನನ್ನ ಕಾಲಿನ ಸಲವಾಗಿ ಕಾಯ್ತಾರೇನ್ರಿ?"

"ಅಗಂ, ಕಾಲು ಮುರದೈತಿ, ಕೈ ಮುರದಿಲ್ಲಲ್ಲ," ಅಂದಳು ಮನೀಷಾ. "ನೀ ಬರಾಕ ಆಗದಿದ್ರ ನಿನ್ನ ಕಂಪ್ಯೂಟರ್ ನಿನ್ನ ಹಂತೇಕ ಬರತೈತಿ."

ಮರುದಿನವೇ ತನ್ನ ಗಂಡ ಈಶ್ವರನ ಕೈಲಿ ನೀಲಮನ ಕಂಪ್ಯೂಟರ್ ಹೊರಿಸಿಕೊಂಡು ಹೋಗಿ ಅವಳ ಮಂಚದ ಪಕ್ಕ ಇಡಿಸಿದಳು. ಬೀರದೇವ ಮಂಚಕ್ಕೆ ಅಡ್ಡಲಾಗಿ ಒಂದು ಹಲಗೆ ಜೋಡಿಸಿ ಕೀಲಿಮಣೆಗೆ ಜಾಗ ಮಾಡಿದ. ನೀಲಮ ದಿಂಬಿಗೆ ಒರಗಿ, ಕಾಲು ನೀಡಿಕೊಂಡು ಮತ್ತೆ ಟೈಪ್ ಮಾಡತೊಡಗಿದಳು.

ಈಗ ಇಬ್ಬರ ನಡುವೆ ಓಡಾಡುತ್ತಿದ್ದದ್ದು ಒಂದು ಪೆನ್‌ಡ್ರೈವ್. ನೀಲಮ ಕನ್ನಡದ್ದು ಮುಗಿಸಿ ಅದರಲ್ಲಿ ಹಾಕುವಳು; ಮನೀಷಾ ರಸ್ತೆ ದಾಟಿ ಹೋಗಿ ತರುವಳು. ಒಂದು ಅಕ್ಷರ ತಿದ್ದಬೇಕೆಂದರೂ ಮತ್ತೆ ಹೋಗಬೇಕು, ಮತ್ತೆ ಬರಬೇಕು. ನಡುವೆ ಎಮ್ಮೆಗೆ ಮೇವು ಹಾಕಬೇಕು, ಅತ್ತೆ ಕೆಂಚವ್ವನಿಗೆ ಹೊತ್ತಿಗೆ ಸರಿಯಾಗಿ ಊಟ ಕೊಡಬೇಕು. ಒಂದು ಫೈಲು ಎರಡಾಗಿ, ಎರಡು ನಾಲ್ಕಾಗಿ, ಯಾವುದು ಹಳೆಯದು ಯಾವುದು ತಿದ್ದಿದ್ದು ಅನ್ನುವುದೇ ತಿಳಿಯದಾಯಿತು.

ಹೀಗಿರುವಾಗ ಒಂದು ಮಧ್ಯಾಹ್ನ ಮುಗಳಖೋಡದ ಹಾಲಸಿದ್ದ ಅನ್ನುವವರು ಪತ್ರಿಕೆಯ ಕಟ್ಟನ್ನು ಕಂಕುಳಲ್ಲಿ ಹಿಡಿದು ಬಂದರು. ಅವರ ಮಗಳ ಮದುವೆಯ ಮುಹೂರ್ತ ನಡುವೆ ಬದಲಾಗಿತ್ತು. ಬದಲಾದದ್ದನ್ನು ಇಬ್ಬರೂ ತಿದ್ದಿದ್ದರು. ಆದರೆ ಪೆನ್‌ಡ್ರೈವಿನಿಂದ ಮನೀಷಾ ತೆಗೆದುಕೊಂಡದ್ದು ನೀಲಮನ ಹಳೆಯ ಫೈಲು. ಪತ್ರಿಕೆ ಹಾಗೇ ಅಚ್ಚಾಗಿ ಹೋಗಿತ್ತು.

ಹಾಲಸಿದ್ದ ಸಿಟ್ಟಿನ ಮನುಷ್ಯನಲ್ಲ. ಪತ್ರಿಕೆಯನ್ನು ಆ ಕಡೆ ಈ ಕಡೆ ತಿರುಗಿಸಿ ತೋರಿಸಿದರು. "ನೋಡವ್ವಾ, ಕನ್ನಡದಾಗ ಮುಂಜಾನಿ ಅಕ್ಕಿಕಾಳಿನ ಮುಹೂರ್ತ ಐತಿ, ಮರಾಠಿಯೊಳಗ ಮಧ್ಯಾಹ್ನ ಐತಿ. ನಮ್ಮ ಕಡಿಯವರು ಮುಂಜಾನೆ ಬಂದು ಉಂಡು ಹೋಗ್ಲೇನು? ನನ್ನ ಮಗಳಿಗೆ ಎರಡು ಸಲ ಲಗ್ನಾ ಮಾಡ್ಲೇನು?"

ಮನೀಷಾಗೆ ತಲೆ ಎತ್ತಲಾಗಲಿಲ್ಲ. "ತಪ್ಪಾತ್ರಿ. ನಾಳಿ ಮುಂಜಾನಿಕೆ ಎಲ್ಲಾ ಹೊಸಾದು ಕೊಡತೀನ್ರಿ," ಅಂದಳು. ಅವರು ಹೋದ ಮೇಲೆ ಕಟ್ಟನ್ನು ಎತ್ತಿಡದೆ ಮೇಜಿನ ಮೇಲೆಯೇ ಬಿಟ್ಟು ಬಹಳ ಹೊತ್ತು ಅದನ್ನೇ ನೋಡುತ್ತ ಕೂತಳು. ಅವಮಾನಕ್ಕಿಂತ ಹೆಚ್ಚಾಗಿ ಅವಳನ್ನು ಕಾಡಿದ್ದು ಬೇರೆಯೇ. ಈ ತಪ್ಪು ಮತ್ತೆ ಆಗೇ ಆಗುತ್ತದೆ. ಫೈಲು ಒಂದೇ ಇದ್ದು, ಅದನ್ನು ಇಬ್ಬರೂ ತಮ್ಮ ತಮ್ಮ ಜಾಗದಿಂದ ತೆರೆಯುವಂತಾದರೆ ಮಾತ್ರ ಇದು ನಿಂತೀತು. ಮಿರಜಿನಲ್ಲಿ ಅವಳು ಕಲಿತ ಕ್ಲಾಸಿನಲ್ಲಿ ಐದಾರು ಕಂಪ್ಯೂಟರುಗಳನ್ನು ಹಾಗೆ ಒಂದಕ್ಕೊಂದು ವಾಯರಿನಿಂದ ಜೋಡಿಸಿದ್ದರು. ಯಾವುದರ ಮುಂದೆ ಕೂತರೂ ಅದೇ ಫೋಲ್ಡರ್, ಅದೇ ಪ್ರಿಂಟರ್. ಅದನ್ನು ಯಾರು ಹೇಗೆ ಜೋಡಿಸಿದ್ದರು ಎಂದು ಆಗ ಅವಳು ಕೇಳಿರಲಿಲ್ಲ.

ಸಂಜೆ ಈಶ್ವರನಿಗೆ ಹೇಳಿದಾಗ ಅವನು, "ಮೊಬೈಲಿನಾಗ ಕಳಸಿದ್ರ ಆಗೂದಿಲ್ಲೇನು?" ಎಂದು ಕೇಳಿದ.

"ಫೋಟೋ ಹಾಕಿದ ಫೈಲು ಭಾಳ ದೊಡ್ಡವಿರತಾವ. ಅರ್ಧ ಹೋಗಿ ನಿಂದರತಾವ. ಹೋದ್ರೂ ಅದ ಕತಿ, ಅಕಿ ಹಂತೇಕ ಒಂದು, ನನ್ನ ಹಂತೇಕ ಒಂದು. ನನಗ ಎರಡು ಬ್ಯಾಡ, ಒಂದ ಬೇಕು."

ವೈಫೈ ಆದರೂ ಸಿಕ್ಕೀತೇನೋ ಎಂದು ಅವಳು ನೀಲಮನ ಮನೆಯ ಕಡೆ ಫೋನು ಹಿಡಿದು ನಡೆದು ನೋಡಿದಳು. ರಸ್ತೆಯ ಅಂಚಿನ ಬೇವಿನ ಮರದವರೆಗೆ ಸಿಕ್ಕಿತು, ಅಲ್ಲಿಂದ ಮುಂದೆ ಸತ್ತುಹೋಯಿತು. ಹಾಗಾದರೆ ವಾಯರೇ ಗತಿ.

ಮರುದಿನ ಹಾಲಸಿದ್ದರಿಗೆ ಹೊಸ ಪತ್ರಿಕೆ ಕೊಟ್ಟು ಕಳಿಸಿ, ಬಸ್ಸು ಹತ್ತಿ ಅಥಣಿಗೆ ಹೋದಳು. ಬಸ್‌ಸ್ಟ್ಯಾಂಡಿನ ಹಿಂದೆ ಕಂಪ್ಯೂಟರ್ ಸಾಮಾನಿನ ಅಂಗಡಿ ಇಟ್ಟಿದ್ದ ಜಯಪಾಲ ಅವಳ ಮಾತು ಪೂರಾ ಕೇಳಿ, "ನಿಮ್ಮ ಮನಿಯವರನ್ನ ಕಳಸ್ರಿ ಬಾಯಿ, ಅವರಿಗೆ ಎಲ್ಲಾ ತಿಳಿಸಿ ಹೇಳತೀನಿ," ಅಂದ.

"ಮನಿಯವರು ದ್ರಾಕ್ಷಿ ನೋಡತಾರ್ರಿ. ವಾಯರ್ ನಾ ನೋಡತೀನಿ. ನನಗ ಹೇಳ್ರಿ."

ಜಯಪಾಲ ಅವಳ ಮುಖ ನೋಡಿ ನಕ್ಕು, ಒಂದು ಸ್ಟೂಲು ಎಳೆದು ಕೊಟ್ಟ. ದಪ್ಪ ಕರಿ ಹೊದಿಕೆಯ ವಾಯರು, ಮಳೆ ನೀರಿಗೆ ಜಗ್ಗದಂಥದ್ದು. ಅದರೊಳಗೆ ಎಂಟು ಎಳೆ. ಎರಡೂ ತುದಿಗೆ ಎಂಟೂ ಎಳೆಗಳನ್ನು ಒಂದೇ ಸಾಲಿನಲ್ಲಿ ಜೋಡಿಸಿ, ಪ್ಲಾಸ್ಟಿಕ್ಕಿನ ಸಣ್ಣ ಮೂತಿಗೆ ತೂರಿಸಿ, ಅದಕ್ಕೆಂದೇ ಇರುವ ಪಕ್ಕಡದಿಂದ ಒತ್ತಬೇಕು. ಎರಡು ವಾಯರು ಕೂಡುವ ಕಡೆ ಒಂದು ಸಣ್ಣ ಸ್ವಿಚ್ ಡಬ್ಬಿ. ಉದ್ದ ಮಾತ್ರ ನೂರು ಮೀಟರಿನ ಒಳಗಿರಬೇಕು. "ಒಂದು ಎಳಿ ಆಚೀಚಿ ಆದ್ರೂ ದೀಪ ಹತ್ತೂದಿಲ್ರಿ," ಅಂದ ಅವನು. ಕೈಹಿಡಿದು ಒಮ್ಮೆ ಮಾಡಿಸಿ ತೋರಿಸಿದ. ಆಮೇಲೆ ಅವಳೇ ಮಾಡಿದಳು. ಮೊದಲನೆಯದು ಕೆಟ್ಟಿತು, ಎರಡನೆಯದೂ ಕೆಟ್ಟಿತು. ಆ ಹೊತ್ತಿನ ಬಸ್ಸು ತಪ್ಪಿದರೂ ಅವಳು ಏಳಲಿಲ್ಲ. ಕೊನೆಗೊಂದು ಸರಿಹೋದಾಗ ಜಯಪಾಲನೇ, "ಆತು ಬಿಡ್ರಿ, ಇನ್ನ ನಿಮ್ಮನ್ನ ಯಾರೂ ತಡಿಯಾಂಗಿಲ್ಲ," ಅಂದ.

ಊರಿಗೆ ಬಂದು ರೊಟ್ಟಿ ಬಡಿಯುವಾಗಲೂ ಅವಳ ಬಾಯಲ್ಲಿ ಅದೇ: ಬಿಳಿ-ಕೇಸರಿ, ಕೇಸರಿ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಕೆಂಚವ್ವ ಒಲೆಯ ಮುಂದೆ ಕೂತು, "ಏನು ಬೇ ಅದು, ಸೀರಿ ಮಾರಾಕ ಹೊಂಟೀಯೇನು?" ಎಂದು ಕೇಳಿ ನಕ್ಕಳು.

ಮನೆಯ ಮಾಳಿಗೆಯಿಂದ ಬೇವಿನ ಮರಕ್ಕೆ, ಬೇವಿನ ಮರದಿಂದ ನೀಲಮನ ಮನೆಯ ತಗಡಿನ ಸೂರಿಗೆ ವಾಯರು ಎಳೆದರು. ಮರಕ್ಕೆ ಬೀರದೇವ ಹತ್ತಿದ. ಎರಡೂ ತುದಿಗೆ ಮನೀಷಾಳೇ ಮೂತಿ ಒತ್ತಿದಳು. ಡಬ್ಬಿಯ ಹಸಿರು ದೀಪವೇನೋ ಹತ್ತಿತು, ಆದರೆ ಒಂದು ಕಂಪ್ಯೂಟರಿಗೆ ಇನ್ನೊಂದು ಕಾಣಲೊಲ್ಲದು. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಕಾರಣ ಸಿಕ್ಕಿತು. ಎರಡೂ ಕಂಪ್ಯೂಟರುಗಳನ್ನು ಒಬ್ಬನೇ ಅಂಗಡಿಯವ ತಯಾರು ಮಾಡಿ ಮಾರಿದ್ದ. ಎರಡಕ್ಕೂ ಒಂದೇ ಹೆಸರು ಕೊಟ್ಟುಬಿಟ್ಟಿದ್ದ. ಮನೀಷಾ ಒಂದಕ್ಕೆ ತನ್ನ ಹೆಸರಿಟ್ಟಳು, ಇನ್ನೊಂದಕ್ಕೆ ನೀಲಮನ ಹೆಸರು. ಬಂದ್ ಮಾಡಿ ಮತ್ತೆ ಚಾಲೂ ಮಾಡಿದರು.

ಫೋನಿನಲ್ಲಿ ನೀಲಮನ ದನಿ ಕೂಗಿನಂತೆ ಬಂತು. "ವೈನಿ, ನಿಮ್ಮ ಫೋಲ್ಡರ್ ಕಾಣಾಕತ್ತೈತಿ! ಪತ್ರಿಕಿ ಎಲ್ಲಾ ಕಾಣಾಕತ್ತಾವ!"

"ಒಂದು ತಗಿ. ನಿನ್ನ ಹೆಸರು ಬರಿ. ಪ್ರಿಂಟ್ ಕೊಡು."

ಮನೀಷಾಳ ಎದುರಿಗಿದ್ದ ಪ್ರಿಂಟರು ತಾನೇ ಗುರ್ ಎಂದು ಒಂದು ಹಾಳೆ ಹೊರಗೆ ತಳ್ಳಿತು. ಅದರ ಮೇಲೆ ದೊಡ್ಡದಾಗಿ ನೀಲಮ ಎಂದಿತ್ತು. ಮನೀಷಾ ಆ ಹಾಳೆಯನ್ನು ಅತ್ತೆಗೆ ತೋರಿಸಲು ಅಡುಗೆಮನೆಗೆ ಓಡಿದಳು.

ಸಂತೋಷ ಮೂರು ದಿನ ಉಳಿಯಿತು. ಕಬ್ಬು ನುರಿಸುವ ಹಂಗಾಮು. ಎರಡೆರಡು ಟ್ರೇಲರ್ ಕಟ್ಟಿಕೊಂಡು, ಮಾಳಿಗೆಯ ಎತ್ತರಕ್ಕೆ ಕಬ್ಬು ಹೇರಿಕೊಂಡು ಟ್ರ್ಯಾಕ್ಟರುಗಳು ಆ ರಸ್ತೆಯಲ್ಲಿ ಹಗಲೂ ರಾತ್ರಿ ಹೋಗುತ್ತಿದ್ದವು. ಅಂಥದ್ದೊಂದು ಟ್ರ್ಯಾಕ್ಟರಿನ ಕಬ್ಬಿನ ತುದಿ ವಾಯರಿಗೆ ಸಿಕ್ಕಿಕೊಂಡಿತು. ಮನೀಷಾಳ ಮೇಜಿನ ಮೇಲಿದ್ದ ಡಬ್ಬಿ ಹಾರಿ ಗೋಡೆಗೆ ಬಡಿದು ಒಡೆಯಿತು. ಹೊರಗೆ ಬಂದು ನೋಡಿದರೆ ವಾಯರು ಟ್ರೇಲರಿನ ಹಿಂದೆ ಬಾಲದಂತೆ ಎಳೆದುಕೊಂಡು ಕಾರ್ಖಾನೆಯ ದಾರಿ ಹಿಡಿದಿತ್ತು. ಡ್ರೈವರನಿಗೆ ಅದರ ಸುಳಿವೇ ಇರಲಿಲ್ಲ.

ಮತ್ತೆ ಅಥಣಿ, ಮತ್ತೆ ವಾಯರು. ಈ ಸಲ ಮಾಳಿಗೆಯ ಮೇಲೆ ಉದ್ದನೆಯ ಬಿದಿರುಗಳನ್ನು ನಿಲ್ಲಿಸಿ ಇನ್ನೂ ಎತ್ತರಕ್ಕೆ ಕಟ್ಟಿದರು. ವಾರದೊಳಗೆ ಅದಕ್ಕಿಂತ ಎತ್ತರದ ಹೇರು ಬಂದು ಅದನ್ನೂ ಹರಿದು ಹಾಕಿತು. ಕರೆಂಟಿನ ಕಂಬಕ್ಕೆ ಕಟ್ಟೋಣವೆಂದರೆ ಲೈನ್‌ಮನ್ ಬಿಲ್‌ಕುಲ್ ಬೇಡ, ಜೀವಕ್ಕೆ ಅಪಾಯ ಎಂದು ಹೇಳಿಹೋದ. ಅವನು ಹೇಳಿದ್ದು ಸರಿಯೇ ಇತ್ತು.

ಹರಿದ ತುಂಡನ್ನು ಸುತ್ತುತ್ತಿದ್ದ ಮನೀಷಾಳಿಗೆ ನೀಲಮ ಮಂಚದಿಂದಲೇ ಹೇಳಿದಳು. "ಸಾಕು ಬಿಡ್ರಿ ವೈನಿ. ನನ್ನ ಸಲವಾಗಿ ನೀವು ಎಷ್ಟಂತ ಮಾಡತೀರಿ? ಕಾಲು ನೆಟ್ಟಗಾದ ಮ್ಯಾಲ ನೋಡೋಣು."

"ನಿನ್ನ ಸಲವಾಗಿ ಅಂತ ಯಾರು ಅಂದ್ರು? ನೀ ಇಲ್ಲಂದ್ರ ನನ್ನ ಪತ್ರಿಕಿ ಅರ್ಧ. ಮ್ಯಾಲ ದಾರಿ ಇಲ್ಲಂದ್ರ ತೆಳಗ ಹೋಗೂದು."

ಕೆಳಗೆ ಅಂದರೆ ರಸ್ತೆಯ ಅಡಿ. ಡಾಂಬರು ರಸ್ತೆ ಅಗೆಯಲು ಯಾರೂ ಬಿಡುವುದಿಲ್ಲ. ಆದರೆ ರಸ್ತೆಯಡಿ ಆಗಲೇ ಒಂದು ಪೈಪು ಇತ್ತು. ರಾವಸಾಹೇಬರ ಮನೆಯ ಹಿಂದಿನ ಬಾವಿಯಿಂದ ಹೊರಟು, ರಸ್ತೆಯ ಅಡಿಯಿಂದ ದಾಟಿ, ಬೀರದೇವನ ಹಿತ್ತಲ ಮಗ್ಗುಲಿನಿಂದ ಹಾದು, ಅವನ ಮನೆಯ ಆಚೆಗಿದ್ದ ರಾವಸಾಹೇಬರ ದ್ರಾಕ್ಷಿತೋಟಕ್ಕೆ ನೀರು ಒಯ್ಯುತ್ತಿದ್ದ ಹಳೆಯ ಪೈಪು. ಕೃಷ್ಣಾ ನದಿಯಿಂದ ಹೊಸ ಪೈಪ್‌ಲೈನ್ ಬಂದ ಮೇಲೆ ಅದರ ಉಪಯೋಗ ತಪ್ಪಿತ್ತು. ಆದರೂ ಬೀರದೇವನ ಹಿತ್ತಲಲ್ಲಿದ್ದ ಅದರ ಒಂದು ಬಾಯಿಯಿಂದ ಅವನ ಆಡುಗಳು ಕುಡಿಯುವ ಕಲ್ಲುದೋಣಿಗೆ ನೀರು ಬಿಡುವುದು ಮುಂಚಿನಿಂದ ನಡೆದುಬಂದಿತ್ತು. ಎರಡು ವರ್ಷದ ಕೆಳಗೆ ಛಾಟಣಿ ಮಾಡಿ ಕೊಂಬೆ ಸವರಿದ ದ್ರಾಕ್ಷಿಬಳ್ಳಿ ಚಿಗುರಿದಾಗ ಆ ಆಡುಗಳೇ ತೋಟಕ್ಕೆ ನುಗ್ಗಿ ನಾಲ್ಕು ಸಾಲಿನ ಚಿಗುರು ತಿಂದುಹಾಕಿದವು. ರಾವಸಾಹೇಬರು ಅಂದೇ ಆ ಬಾಯಿಗೆ ಮುಚ್ಚಳ ಜಡಿಸಿ, ಮೇಲೆ ಕಲ್ಲು ಪೇರಿಸಿದರು. ಮಾತು ನಿಂತದ್ದೂ ಅಂದೇ.

ಚಹಾ ಕೊಡುವಾಗ ಮನೀಷಾ ಮಾವನನ್ನು ಕೇಳಿದಳು. "ಮಾಮಾ, ಹಳೀ ಪೈಪಿನೊಳಗ ನನ್ನ ವಾಯರ್ ಹಾಕ್ಲೇನ್ರಿ?"

ರಾವಸಾಹೇಬರು ಕಪ್ಪು ಕೆಳಗಿಟ್ಟರು. "ಯಾವ ಮನಿಗೆ?"

"ನಿಮಗ ಗೊತ್ತೈತ್ರಿ."

"ನನ್ನ ಪೈಪಿನೊಳಗ ಬೀರ್ಯಾನ ಮನಿಗೆ ಏನೂ ಹೋಗೂದಿಲ್ಲ. ನೀರೂ ಇಲ್ಲ, ವಾಯರೂ ಇಲ್ಲ. ಆ ಮಾತು ಬಿಟ್ಟು ಬಿಡು."

"ಆತ್ರಿ," ಅಂದಳು ಮನೀಷಾ. ಕಪ್ಪು ತೊಳೆದಿಟ್ಟು, ಪ್ರಿಂಟರನ್ನು ಒಂದು ಚಾದರಿನಲ್ಲಿ ಸುತ್ತಿ, ತನ್ನ ಕಂಪ್ಯೂಟರಿನೊಂದಿಗೆ ಎರಡು ಸಲಕ್ಕೆ ರಸ್ತೆಯಾಚೆ ಸಾಗಿಸಿಬಿಟ್ಟಳು. ಕೆಲಸ ನಿಲ್ಲಿಸುವ ಮಾತೇ ಇರಲಿಲ್ಲ. ಎರಡೂ ಕಂಪ್ಯೂಟರ್ ಒಂದೇ ಕಡೆ ಇರಬೇಕೆಂದರೆ ಈಗ ಇರಬಹುದಾದ ಜಾಗ ಅದೊಂದೇ. ಮಾವನಿಗೆ ಪಾಠ ಕಲಿಸಬೇಕೆಂಬ ಯೋಚನೆ ಅವಳಿಗಿರಲಿಲ್ಲ.

ಕಷ್ಟವೇನೋ ಆಯಿತು. ತಗಡಿನ ಸೂರಿನ ಅಡಿ ಮಧ್ಯಾಹ್ನ ಬೆವರು ಸುರಿಯುತ್ತಿತ್ತು. ಪ್ರಿಂಟರನ್ನು ಜೋಳದ ಡ್ರಮ್ಮಿನ ಮೇಲೆ ಇಟ್ಟಿದ್ದರು, ದೊಡ್ಡಿಯ ಧೂಳು ಹೊಕ್ಕು ಅದು ಹಾಳೆ ಹಾಳೆಗೂ ಮುನಿಸಿಕೊಳ್ಳುತ್ತಿತ್ತು. ಮನೀಷಾ ನಡುನಡುವೆ ಮನೆಗೆ ಓಡಿ ಬರುವಳು, ಅನ್ನಕ್ಕಿಟ್ಟು ಹೋಗುವಳು, ಮತ್ತೆ ಓಡಿ ಬಂದು ಇಳಿಸುವಳು. ಕೆಂಚವ್ವ ಒಂದೆರಡು ಸಲ ತಾನೇ ಎದ್ದು ಎಮ್ಮೆಗೆ ನೀರು ಕುಡಿಸಿದಳು.

ಆ ವಾರವೇ ಕರೋಶಿಯಿಂದ ರಾವಸಾಹೇಬರ ಸೋದರಮಾವನ ಮಗ ಅಣ್ಣಾಸಾಬರು ಬಂದರು. ಅವರ ಮನೆಯಲ್ಲಿ ಮದುವೆ ಗೊತ್ತಾಗಿತ್ತು. "ಪತ್ರಿಕಿ ನಮ್ಮ ಮನೀಷಾನ ಕೈಲೇ ಆಗಬೇಕು. ಎಲ್ಲಿ ಅದಾಳ?" ಎಂದು ಕೇಳಿದರು.

ರಾವಸಾಹೇಬರು ಉತ್ತರ ಕೊಡುವ ಮೊದಲೇ ಕೆಂಚವ್ವ ಒಳಗಿನಿಂದ ಹೇಳಿದಳು. "ರಸ್ತೆ ದಾಟಿ ಹೋಗ್ರಿ, ಬೀರದೇವನ ಮನ್ಯಾಗ ಅದಾಳ. ಇವರೂ ಬರತಾರ ನಿಮ್ಮ ಜೋಡಿ."

ಬಂದ ನೆಂಟರನ್ನು ಒಬ್ಬರನ್ನೇ ಕಳಿಸುವುದು ಹೇಗೆ? ರಾವಸಾಹೇಬರು ತಲೆಯ ಪಟಕ ಸರಿಮಾಡಿಕೊಂಡು, ಎರಡು ವರ್ಷದಲ್ಲಿ ಮೊದಲ ಸಲ ಬೀರದೇವನ ಅಂಗಳಕ್ಕೆ ಬಂದರು. ಬೀರದೇವ ಮನೆಯಲ್ಲಿರಲಿಲ್ಲ, ಆಡು ಮೇಯಿಸಲು ಹೋಗಿದ್ದ. ಒಳಗೆ ನೀಲಮ ಮಂಚದ ಮೇಲೆ ಕಾಲು ನೀಡಿ ಕೂತಿದ್ದಳು. ರಾವಸಾಹೇಬರನ್ನು ಕಂಡು ಏಳಲಾಗದೆ ಸೆರಗನ್ನಷ್ಟೇ ತಲೆಯ ಮೇಲೆ ಎಳೆದುಕೊಂಡಳು. ಮನೀಷಾ ನೆಲದ ಮೇಲೆ ಕೂತು ಪ್ರಿಂಟರಿನ ಹೊಟ್ಟೆಯೊಳಗಿನ ಹರಿದ ಕಾಗದವನ್ನು ಚಿಮಟದಿಂದ ಎಳೆಯುತ್ತಿದ್ದಳು. ಮುಖದ ಮೇಲೆ ಮಸಿ ಹತ್ತಿತ್ತು. ಅಣ್ಣಾಸಾಬರು ನಮೂನೆ ಆರಿಸುವಷ್ಟು ಹೊತ್ತೂ ರಾವಸಾಹೇಬರು ಹೊಸ್ತಿಲ ಬಳಿ ನಿಂತೇ ಇದ್ದರು. ಕುರ್ಚಿ ಕೊಟ್ಟರೂ ಕೂರಲಿಲ್ಲ.

ಊಟಕ್ಕೆ ಕೂತಾಗ ಕೆಂಚವ್ವ ಗಂಡನ ತಾಟಿಗೆ ರೊಟ್ಟಿ ಹಾಕುತ್ತ ಕೇಳಿದಳು. "ನಿಮ್ಮ ಸೊಸಿ ದಿನಾ ಆ ಮನಿಗೆ ಹೋಗಬೇಕೋ, ವಾಯರ್ ಹೋಗಬೇಕೋ? ಒಂದು ಹೇಳ್ರಿ. ಎರಡೂ ಬ್ಯಾಡಂದ್ರ ಆಗಾಂಗಿಲ್ಲ. ಅಕಿ ಬಿಡಾಕಿ ಅಲ್ಲ, ನನಗ ಗೊತ್ತೈತಿ."

ಮರುದಿನ ಮುಂಜಾನೆ ಮನೀಷಾ ಹೊರಡುವಾಗ ರಾವಸಾಹೇಬರು ಅವಳತ್ತ ನೋಡದೆ ಕೇಳಿದರು. "ಆ ವಾಯರ್ ಎಷ್ಟು ದಪ್ಪ ಐತಿ?"

ಅವಳು ಕಿರುಬೆರಳು ತೋರಿಸಿದಳು.

"ಪೈಪು ನಡುವ ಒಂದು ಕಡೆ ಬಾಗೈತಿ. ನಿನಗ ಗೊತ್ತಾಗೂದಿಲ್ಲ. ನಾ ಬರತೀನಿ ತಡಿ."

ಉದ್ದ ಅಳೆದರು. ಬಾವಿಯಿಂದ ಮನೆಯನ್ನು ಸುತ್ತಿ ಹೊರಕೋಣೆಗೆ ತಂದರೆ ನೂರು ಮೀಟರು ದಾಟುತ್ತಿತ್ತು. ಅಡುಗೆಮನೆಯ ಗೋಡೆಗೆ ತೂತು ಹೊಡೆದು ನೇರ ತಂದರಷ್ಟೇ ಒಳಗೆ ಬರುತ್ತಿತ್ತು. ಮನೀಷಾ ಅತ್ತೆಯ ಮುಖ ನೋಡಿದಳು. ಕೆಂಚವ್ವ ಉಪ್ಪಿನಕಾಯಿ ಭರಣಿಗಳನ್ನು ಒಂದೊಂದಾಗಿ ಹಲಗೆಯಿಂದ ಇಳಿಸಿ, "ಇಲ್ಲಿ ಹೊಡೀರಿ, ಇಲ್ಲಿ ಗ್ವಾಡಿ ತೆಳ್ಳಗ ಐತಿ," ಅಂದಳು.

ಬೀರದೇವನಿಗೆ ನೀಲಮ ಮೊದಲೇ ಹೇಳಿದ್ದಳು. ಅವನು ಆ ದಿನ ಆಡು ಬಿಡದೆ ಮನೆಯಲ್ಲೇ ಉಳಿದು, ತನ್ನ ಹಿತ್ತಲಿನ ಕಲ್ಲು ಸರಿಸಿ, ಪೈಪಿನ ಮುಚ್ಚಳ ತೆಗೆದು ಕೂತಿದ್ದ. ಈ ಬದಿಯಲ್ಲಿ ಈಶ್ವರ ಕಬ್ಬಿಣದ ತಂತಿ ತೂರಿಸಿ ತಳ್ಳಿದ. ತಂತಿ ಬಾಗಿನವರೆಗೆ ಹೋಗಿ ನಿಂತಿತು. ಹಿಂದೆ ಎಳೆದು ಮತ್ತೆ ತಳ್ಳಿದ, ಮತ್ತೆ ಅಲ್ಲೇ. ಮೂರು ತಾಸು ಕಳೆದರೂ ತಂತಿ ಆಚೆ ಬರಲಿಲ್ಲ. ಈಶ್ವರ ಬೆವರು ಒರೆಸಿಕೊಂಡು, "ಆಗೂದಿಲ್ಲ ಬಿಡು ಇದು," ಅಂದ.

ಮನೀಷಾ ತಂತಿಯನ್ನು ಅವನ ಕೈಯಿಂದ ತೆಗೆದುಕೊಂಡು ತಾನೇ ತಳ್ಳತೊಡಗಿದಳು. ಅವಳ ಅಂಗೈ ಕೆಂಪಾದದ್ದನ್ನು ರಾವಸಾಹೇಬರು ಸ್ವಲ್ಪ ಹೊತ್ತು ನೋಡಿದರು. "ತಂತಿ ತಗಿ. ನೀರು ಹೋಗೂ ದಾರಿ ಅದು, ನೀರ ಒಯ್ಯಲಿ," ಅಂದರು. ಹಗುರ ನೈಲಾನ್ ಹುರಿಯ ತುದಿಗೆ ಒಂದು ಪ್ಲಾಸ್ಟಿಕ್ ಚೀಲ ಕಟ್ಟಿಸಿ ಪೈಪಿನೊಳಗೆ ಬಿಡಿಸಿದರು. ಪೈಪಿನ ಬಾಯಿಗೆ ಬಾವಿಯ ಮೋಟಾರಿನ ಕೊಳವೆ ಹಿಡಿದು ಬಾಗಿ, ಎರಡು ವರ್ಷದಿಂದ ಕರೆಯದ ಹೆಸರನ್ನು ಪೈಪಿನೊಳಗೇ ಕರೆದರು.

"ಏ ಬೀರದೇವಾ! ಕೇಳಸತೈತೇನು?"

ಪೈಪಿನೊಳಗಿಂದ ದೂರದ ದನಿ ಬಂತು. "ಕೇಳಸತೈತ್ರಿ ಅಣ್ಣಾರ!"

"ನೀರು ಬಿಡತೀನಿ. ಚೀಲ ಬಂದ್ರ ಗಟ್ಟಿ ಹಿಡಿ. ಹುರಿ ಬಿಟ್ಟಿ ಅಂದ್ರ ಮತ್ತ ಮೊದಲಿಂದ!"

"ಬಿಡ್ರಿ ಅಣ್ಣಾರ, ನಾ ಹಿಡೀತೀನಿ!"

ಮೋಟಾರು ಚಾಲೂ ಆಯಿತು. ಹುರಿ ಮನೀಷಾಳ ಬೆರಳುಗಳ ನಡುವಿನಿಂದ ಸರಸರನೆ ಹರಿದು ಒಳಗೆ ಹೋಗತೊಡಗಿತು. ಬಾಗಿನ ಹತ್ತಿರ ಒಂದು ಗಳಿಗೆ ನಿಂತಿತು. ನೀರಿನ ಒತ್ತಡ ಏರಿದಂತೆ ಹುರಿ ಜಗ್ಗನೆ ಎಳೆದುಕೊಂಡು ಮತ್ತೆ ಓಡಿತು.

"ಬಂತ್ರಿ! ಚೀಲ ಬಂತು, ಹಿಡದೀನಿ!"

ಆಚೆ ಬದಿಯಲ್ಲಿ ನೀರು ಹಿತ್ತಲ ತುಂಬ ಹರಿದು, ದೊಡ್ಡಿಯಲ್ಲಿದ್ದ ಆಡುಗಳು ಗದ್ದಲ ಎಬ್ಬಿಸಿದವು. ಆ ಸದ್ದು ಪೈಪಿನೊಳಗಿಂದ ಈಚೆಗೂ ಬಂತು. ರಾವಸಾಹೇಬರ ಮುಖ ಗಂಟಾಯಿತು.

"ನಿನ್ನ ಆಡು ಕುಡ್ಯಾಕತ್ತಾವೇನು?"

ಬೀರದೇವ ತಡೆದು ಹೇಳಿದ. "ಹೌದ್ರಿ."

"ಕುಡೀಲಿ ಬಿಡು. ಖರೆ, ತ್ವಾಟದಾಗ ಒಂದು ಕಾಲಿಟ್ರೂ ಮತ್ತ ಅದ ಮಾತು."

"ಇಡೂದಿಲ್ರಿ. ಬೇಲಿ ಹಾಕೀನ್ರಿ ಅಣ್ಣಾರ, ಬಂದು ನೋಡ್ರಿ."

ರಾವಸಾಹೇಬರು ಮೋಟಾರು ನಿಲ್ಲಿಸಿ ಒಳಗೆ ಹೋದರು. ಹುರಿಗೆ ವಾಯರು ಕಟ್ಟಿ, ಸಾಬೂನಿನ ನೀರು ಸವರುತ್ತ ಈಚೆಯಿಂದ ಮನೀಷಾ ಬಿಟ್ಟಂತೆ ಆಚೆಯಿಂದ ಬೀರದೇವ ನಿಧಾನಕ್ಕೆ ಎಳೆದ. ಸಂಜೆಯ ಹೊತ್ತಿಗೆ ವಾಯರಿನ ತುದಿ ನೀಲಮನ ಮಂಚಕ್ಕೆ ಬಂದು ಮುಟ್ಟಿತು. ಮನೀಷಾ ತನ್ನ ಕಂಪ್ಯೂಟರು, ಪ್ರಿಂಟರು ಎರಡನ್ನೂ ಹೊರಕೋಣೆಗೆ ಮರಳಿ ತಂದಿಟ್ಟು, ಮತ್ತೆ ಪಕ್ಕಡ ತೆಗೆದುಕೊಂಡು ಹೊರಟಾಗ ನೀಲಮನ ಫೋನು ಬಂತು. "ಬರಬ್ಯಾಡ್ರಿ ವೈನಿ. ನಿಮ್ಮ ತುದಿ ನೀವು ಮಾಡ್ರಿ, ಪಕ್ಕಡ ಆಮ್ಯಾಲ ಕಳಸ್ರಿ. ನೀವು ಮಾಡೂದು ನೋಡಿ ಕಲ್ತೀನಿ, ಈ ತುದಿ ನಾ ಮಾಡತೀನಿ."

ಎರಡೂ ತುದಿ ಸಿಕ್ಕಿಸಿದರು. ಹೊಸ ಡಬ್ಬಿಯ ದೀಪ ಹತ್ತಲಿಲ್ಲ. ನೀಲಮ ತನ್ನ ತುದಿ ಕತ್ತರಿಸಿ ಮತ್ತೆ ಮಾಡಿದಳು. ಹತ್ತಲಿಲ್ಲ. ಪೈಪಿನೊಳಗೆ ಎಲ್ಲೋ ಎಳೆ ಕಡಿದಿದೆಯೇನೋ ಎಂದು ಮನೀಷಾ ಅಂಜಿದಳು. ಕಡಿದಿದ್ದರೆ ಹೊಸದು ತಂದು ಎಳೆಯುವುದು, ಬೇರೇನು ಮಾಡುವುದು ಎಂದು ತನಗೆ ತಾನೇ ಹೇಳಿಕೊಂಡಳು.

ಆಗ ಫೋನಿನಲ್ಲಿ ನೀಲಮ ಹೇಳಿದಳು. "ವೈನಿ, ನಿಮ್ಮ ತುದಿ ಒಮ್ಮೆ ಓದ್ರಿ ನೋಡೋಣು."

ಮನೀಷಾ ಮೂತಿಯನ್ನು ಬೆಳಕಿಗೆ ಹಿಡಿದು ಓದಿದಳು. "ಬಿಳಿ-ಕೇಸರಿ, ಕೇಸರಿ, ಬಿಳಿ-ಹಸಿರು, ಹಸಿರು..."

"ನಿಂದರ್ರಿ. ಹಸಿರು ಅಲ್ರಿ ಅಲ್ಲಿ, ನೀಲಿ!"

ಮನೀಷಾ ಮೂತಿಯನ್ನು ಮತ್ತೊಮ್ಮೆ ನೋಡಿದಳು. ಇಷ್ಟು ದಿನ ಬಾಯಿಪಾಠ ಹೇಳಿದವಳು ತಾನು, ಅವಸರದಲ್ಲಿ ತಪ್ಪಿದವಳೂ ತಾನೇ. ನಗು ತಡೆಯಲಾಗದೆ ನಕ್ಕಳು. ಆಚೆಯಿಂದ ನೀಲಮನೂ ನಕ್ಕಳು. ಈಶ್ವರನ ಕೈಲಿ ಪಕ್ಕಡ ಮರಳಿ ತರಿಸಿ, ತುದಿ ಕತ್ತರಿಸಿ ಸರಿಯಾಗಿ ಒತ್ತಿ ಸಿಕ್ಕಿಸಿದಾಗ ಹಸಿರು ದೀಪ ಮಿಣಮಿಣ ಮಿಂಚಿತು. ಅಣ್ಣಾಸಾಬರ ಮನೆಯ ಪತ್ರಿಕೆಯ ಫೈಲು ಇಬ್ಬರ ಮುಂದೆಯೂ ತೆರೆದುಕೊಂಡಿತು. ಆ ಮನೆಯ ಹಿರಿಯರ ಹೆಸರುಗಳನ್ನು ನೀಲಮ ಅಲ್ಲಿ ಕೂತು ಕನ್ನಡದಲ್ಲಿ ಟೈಪ್ ಮಾಡಿ ಮುಚ್ಚಿದ ಕೂಡಲೇ ಮನೀಷಾ ಇಲ್ಲಿ ಅದೇ ಫೈಲು ತೆರೆದು ಮರಾಠಿಯಲ್ಲಿ ಬರೆದಳು.

ಆ ಹಂಗಾಮಿನಲ್ಲಿ ಅವರು ರಾಯಬಾಗ, ಚಿಕ್ಕೋಡಿ, ನಿಪ್ಪಾಣಿಯವರೆಗೂ ಪತ್ರಿಕೆ ಮಾಡಿ ಕೊಟ್ಟರು. ಎರಡು ಮಗ್ಗುಲಿನ ಮುಹೂರ್ತ ಮತ್ತೆಂದೂ ಬೇರೆಯಾಗಲಿಲ್ಲ. ರಾವಸಾಹೇಬರು, ಬೀರದೇವ ಗೆಳೆಯರೇನೂ ಆಗಲಿಲ್ಲ. ದಾರಿಯಲ್ಲಿ ಸಿಕ್ಕರೆ ಒಬ್ಬರು ಏನಾದರೊಂದು ಕೇಳುವರು, ಇನ್ನೊಬ್ಬರು ಹೂಂ ಅನ್ನುವರು. ಅಷ್ಟೇ.

ಶಿವರಾತ್ರಿ ಕಳೆದ ಮೇಲೆ ನೀಲಮ ಕೋಲು ಹಿಡಿದು ನಡೆಯತೊಡಗಿದಳು. ಒಂದು ದಿನ ತಾನೇ ರಸ್ತೆ ದಾಟಿ ಮನೀಷಾಳ ಹೊರಕೋಣೆಗೆ ಬಂದು ನಿಂತಳು. ಮನೀಷಾಳಿಗೆ ಹಿಗ್ಗೋ ಹಿಗ್ಗು. ಖಾಲಿ ಮೇಜನ್ನು ಆಗಲೇ ಒರೆಸಿ, ಮೇಲೆ ಹೊಸ ಬಟ್ಟೆ ಹಾಸಿಟ್ಟಿದ್ದಳು.

"ನಾಳಿಯಿಂದ ನಿನ್ನ ಕಂಪ್ಯೂಟರ್ ಇಲ್ಲೇ ತರೋಣು. ಮೊದಲಿನಂಗ ಕೂಡಿ ಕುಂಡ್ರೋಣು."

ನೀಲಮ ಆ ಬಟ್ಟೆಯ ಅಂಚನ್ನು ಬೆರಳಿನಿಂದ ಸವರಿದಳು. "ಬ್ಯಾಡ್ರಿ ವೈನಿ. ಅದು ಅಲ್ಲೇ ಇರಲಿ."

ಮನೀಷಾಳ ಮುಖ ಸಪ್ಪಗಾಯಿತು. "ಯಾಕ? ನನ್ನ ಮ್ಯಾಲ ಬ್ಯಾಸರಾತೇನು?"

"ನಿಮ್ಮ ಮ್ಯಾಲ ಬ್ಯಾಸರ ಮಾಡ್ಕೊಂಡ್ರ ನಾ ಮನಷ್ಯಾಳ ಅಲ್ಲ. ಹೆಂಗ ಹೇಳಬೇಕ್ರಿ..." ನೀಲಮ ಕುರ್ಚಿಯ ಮೇಲೆ ಕೂತಳು. "ಇಲ್ಲಿ ಬಂದು ಮಾಡೂವಾಗ ಜನ ನನ್ನ ರಾವಸಾಹೇಬರ ಮನ್ಯಾ ಕೆಲಸದಾಕಿ ಅಂತಿದ್ರು. ನೀವು ಎಂದೂ ಹಂಗ ಮಾಡಲಿಲ್ಲ, ಅದು ನನಗ ಗೊತ್ತೈತಿ. ಈಗ ನಮ್ಮ ಬಾಗಿಲಿಗೆ ಬಂದು, ನೀಲಮಬಾಯಿ ಅದಾರೇನ್ರಿ ಅಂತ ಕೇಳತಾರ. ನಮ್ಮ ಮನಿಯವರು ಹೊರಗ ಬಂದು, ಕೆಲಸದಾಗ ಅದಾಳ ಕುಂಡ್ರರಿ ಅಂತಾರ. ಅದು ಕೇಳಾಕ ನನಗ ಚಲೋ ಅನಸತೈತಿ."

ಮನೀಷಾ ಕಿಟಕಿಯ ಕಡೆ ನೋಡುತ್ತ ನಿಂತಳು. ಇಷ್ಟೆಲ್ಲ ಕಷ್ಟಪಟ್ಟದ್ದು ನೀಲಮನನ್ನು ಮರಳಿ ಈ ಮೇಜಿಗೆ ಕರೆತರುವುದಕ್ಕೆ ಎಂದು ಅವಳು ಅಂದುಕೊಂಡಿದ್ದಳು. ಬೇಸರವಾದದ್ದು ಸುಳ್ಳಲ್ಲ. ಆದರೆ ತಾನು ಮದುವೆಯಾಗಿ ಈ ಊರಿಗೆ ಬಂದ ಹೊಸದರಲ್ಲಿ, ಮೊದಲ ಗಿರಾಕಿ ಮಾವನ ಹೆಸರು ಹೇಳದೆ ತನ್ನ ಹೆಸರು ಹಿಡಿದು ಕೇಳಿಕೊಂಡು ಬಂದ ದಿನ ತನಗೆ ಹೇಗಾಗಿತ್ತು ಎಂಬುದು ನೆನಪಾಯಿತು. ಒಳಗೆ ಹೋಗಿ ಎರಡು ಕಪ್ಪು ಚಹಾ ಮಾಡಿಕೊಂಡು ಬಂದಳು.

"ಆತು. ಅಲ್ಲೇ ಇರಲಿ. ಖರೆ, ಚಹಾ ಕುಡ್ಯಾಕ ಮಾತ್ರ ದಿನಾ ಇಲ್ಲಿ ಬರಬೇಕು."

"ಬರತೀನ್ರಿ." ನೀಲಮ ಚಹಾ ಗುಟುಕರಿಸಿ, ಮೇಜಿನ ಮೇಲಿದ್ದ ಡಬ್ಬಿಯನ್ನು ಕೈಯಲ್ಲಿ ತಿರುಗಿಸಿ ನೋಡಿದಳು. "ಇದರಾಗ ಇನ್ನೂ ಮೂರು ತೂತು ಖಾಲಿ ಅದಾವಲ್ರಿ ವೈನಿ."

"ಅದಾವ. ಯಾಕ?"

"ನಿಮ್ಮ ಹಿಂದಿನ ಓಣ್ಯಾಗ ಕೋಮಲ ಅದಾಳಲ್ರಿ, ನಿಪ್ಪಾಣಿಯಾಗ ಫೋಟೋ ತಿದ್ದೂದು ಕಲ್ತು ಬಂದಾಕಿ? ಸಣ್ಣ ಕೂಸು ಐತಿ, ಹೊರಗ ಕೆಲಸಕ್ಕ ಹೋಗಾಕ ಆಗೂದಿಲ್ಲ ಅಂತಾಳ. ಮನ್ಯಾಗ ಕಂಪ್ಯೂಟರ್ ಐತಿ. ಸುಮ್ಮ ಕುಂತೈತಿ."

ಮನೀಷಾ ಕಪ್ಪು ಕೆಳಗಿಟ್ಟಳು. ಡಬ್ಬಿಯನ್ನೊಮ್ಮೆ, ಹಿಂದಿನ ಓಣಿಯ ಕಡೆಯ ಗೋಡೆಯನ್ನೊಮ್ಮೆ ನೋಡಿದಳು.

"ಆ ಕಡಿ ಟ್ರ್ಯಾಕ್ಟರ್ ಹೋಗೂದಿಲ್ಲ," ಅಂದಳು. ಎದ್ದು ಚಪ್ಪಲಿ ಮೆಟ್ಟಿಕೊಂಡಳು. "ನಡಿ, ಎಷ್ಟು ದೂರ ಆಗತೈತಿ ನೋಡಿ ಬರೋಣು. ಸಾವಕಾಶ ನಡಿ, ನನ್ನ ಹೆಗಲ ಹಿಡ್ಕೋ."